ಮೂರು ಮಿಲಿಮೀಟರ್

ಅರವತ್ತು ಹಲ್ಲು. ಮಂಡ್ಯದ ಮೂರು ಕ್ಲಿನಿಕ್ಕುಗಳಿಂದ
ಹಾರ್ಲಿಕ್ಸ್ ಬಾಟಲಿಯಲ್ಲಿ, ಉಪ್ಪುನೀರಿನ ಸಮೇತ,
ಮೈಸೂರು ಪ್ಯಾಸೆಂಜರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.
ಎದುರು ಸೀಟಿನವಳು ಕೇಳಿದಳು: ಒಳಗೇನವ್ವಾ, ಅವರೆಕಾಳಾ?
ಹೂಂ ಅಂದುಬಿಟ್ಟೆ.

ಯಾರ ಹಲ್ಲೋ. ಕಬ್ಬು ಸಿಗಿದದ್ದು, ಎಲೆಯಡಿಕೆಯಲ್ಲಿ ಮಾಗಿದ್ದು,
ನಗುವಾಗ ಸೆರಗಿನ ಹಿಂದೆ ಅಡಗಿದ್ದು.
ಈಗ ಒಂದೊಂದಕ್ಕೂ ಒಂದು ನಂಬರು.
ಬೇರಿನ ತುದಿ ಮೂರು ಮಿಲಿಮೀಟರ್ ಕತ್ತರಿಸಿ
ಆ ಮೊಂಡು ಮುಖದಲ್ಲಿ ಮತ್ತೆ ಮೂರು ಮಿಲಿಮೀಟರ್ ಆಳಕ್ಕೆ
ಒಂದು ಗೂಡು ಕೊರೆಯಬೇಕು:
ಇಪ್ಪತ್ತಕ್ಕೆ ತಿರುಗುವ ಬರ್,
ಇಪ್ಪತ್ತಕ್ಕೆ ನಡುಗುವ ಉಕ್ಕಿನ ತುದಿ,
ಉಳಿದಿಪ್ಪತ್ತಕ್ಕೆ ವಜ್ರದ ಪುಡಿ ಮೆತ್ತಿದ ತುದಿ.
ಯಾವುದು ಮೇಲು? ನನ್ನ ಥೀಸಿಸ್ಸು ಇಷ್ಟೇ.

ಬರ್ ಒರಟ. ಬೇರಿನ ಓರೆ ಅದಕ್ಕೆ ತಿಳಿಯದು,
ತನ್ನದೇ ದಾರಿ ಹಿಡಿದು ಪಕ್ಕದ ಗೋಡೆಗೆ ಹಾಯುತ್ತದೆ;
ಬಾಯೊಳಗಾದರೆ ಅದರ ತಲೆ ಹೊಗಲೆಂದೇ
ಮೂಳೆಯಲ್ಲಿ ಇಷ್ಟಗಲ ಕಿಟಕಿ ತೆಗೆಯಬೇಕು.
ಉಕ್ಕಿನದು ಕಡ್ಡಿಯಷ್ಟು. ಕಣ್ಣಿಗೆ ಕಾಣದ ನಡುಕ,
ನೀರ ತುಂತುರಿನಲ್ಲಿ ಸೊಳ್ಳೆಯ ದನಿ.
ನಾಲೆ ಹೋದಲ್ಲಿಗೇ ಹೋಗುತ್ತದೆ, ನಮ್ಮೂರ ನೀರುಗಂಟಿಯ ಹಾಗೆ.
ವಜ್ರದ್ದು ಬೇಗ. ಎಷ್ಟು ಬೇಗವೆಂದರೆ
ನಾನು ಸಾಕು ಅನ್ನುವ ಹೊತ್ತಿಗೆ ಜಾಸ್ತಿಯಾಗಿರುತ್ತದೆ.

ನೀಲಿ ಬಣ್ಣದಲ್ಲಿ ಅದ್ದಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ.
ಬಿರುಕುಗಳು. ಉಕ್ಕಿನ ಗುಂಪಿನಲ್ಲಿ ಏಳು, ವಜ್ರದಲ್ಲಿ ಐದು, ಬರ್‌ನಲ್ಲಿ ಎರಡು.
ಕೂದಲಿಗಿಂತ ಸಣ್ಣ,
ವರ್ಷಗಟ್ಟಲೆ ಬಿಸಿ ಕಾಫಿ ಹಿಡಿದ ಪಿಂಗಾಣಿಯ ಒಳಮೈಯಂತೆ.
ಕೋಷ್ಟಕ ಬರೆದು ಖುಷಿಯಾಗಿ ಹಿಡಿದುಕೊಂಡು ಹೋದೆ.
ಡಾಕ್ಟರ್ ಪದ್ಮಾಂಬಿಕೆ ಕನ್ನಡಕ ಇಳಿಸಿ ಕೇಳಿದ್ದು ಒಂದೇ:
ಕೊರೆಯೋಕೆ ಮುಂಚೆ ನೋಡಿದ್ದೆಯಾ?

ನೋಡಿರಲಿಲ್ಲ.

ಮಂಡಿ ಮೊಹಲ್ಲಾದಲ್ಲಿ ನಾನು ಬಾಡಿಗೆಗಿರುವ ಮಹಡಿಯ ಕೆಳಗೆ
ಸಿಬ್ಗತ್ ಸಾಬರು ಆ ಸಂಜೆ ಬೀಟೆಯ ಹಲಗೆಯಲ್ಲಿ
ಆನೆಯ ಕಣ್ಣಿಗೆ ಗೂಡು ತೋಡುತ್ತಿದ್ದರು.
ಮಂಡಿಯ ಪಕ್ಕ ಸಣ್ಣ, ಸಣ್ಣದಕ್ಕಿಂತ ಸಣ್ಣ ಉಳಿಗಳು.
ಫೋನಿನಲ್ಲಿ ಫೋಟೊ ತೋರಿಸಿದೆ:
ಯಾವ ಉಳಿ ಮಾಡಿದ್ದಿರಬಹುದು ಸಾಬರೇ, ಇದು?
ದೊಡ್ಡದು ಮಾಡಿ ನೋಡಿದರು, ಬೀಡಿ ಆರಿಹೋಗುವಷ್ಟು ಹೊತ್ತು.
"ಮರ ಒಣಗುವಾಗ್ಲೇ ಒಡೆದಿರ್ತದೆ ಕೆಲವು.
ಅದಕ್ಕೇ ನಾನು ಮೊದ್ಲು ಉಗುರಲ್ಲಿ ತಟ್ಟಿ ಕೇಳ್ತೀನಿ.
ಉಳೀನ ಬಯ್ಯೋದು ಆಮೇಲೆ."

ಕಿತ್ತ ಇಕ್ಕಳವೋ, ಒಣಗಬಿಟ್ಟ ನನ್ನ ಮರೆವೋ,
ನಲವತ್ತು ವರ್ಷ ಕಬ್ಬು ಜಗಿದ ಸುಖವೋ,
ಬಿರುಕಿಗೆ ಬಾಯಿಲ್ಲ.

ಮತ್ತೆ ಮಂಡ್ಯ. ಮತ್ತೆ ಅರವತ್ತು. ಈ ಸಲ ಮೊದಲ ದಿನವೇ
ಒಂದೊಂದನ್ನೂ ತಿರುಗಿಸಿ ತಿರುಗಿಸಿ ಫೋಟೊ.
ಹದಿಮೂರನೆಯದು ಬರುವಾಗಲೇ ಸೀಳಿತ್ತು; ಪಕ್ಕಕ್ಕಿಟ್ಟೆ.
ಲೆಕ್ಕ ಬದಲಾಯಿತು. ಎಷ್ಟು ಅಂತ ಹೇಳುವುದಿಲ್ಲ,
ಪರೀಕ್ಷಕರು ಇನ್ನೂ ಓದಿಲ್ಲ.

ಆಷಾಢದ ಒಂದು ಬುಧವಾರ, ಕುರ್ಚಿಯಲ್ಲಿ ಲೈನ್‌ಮನ್ ಜವರೇಶ.
ಮೇಲಿನ ಮುಂದಿನ ಹಲ್ಲು, ಕಂಬದಿಂದ ಬಿದ್ದ ಹಳೆಯ ಪೆಟ್ಟು,
ಬೇರಿನ ತುದಿಯಲ್ಲಿ ಕಡಲೆಯಷ್ಟು ಕೀವು.
"ಯಾವ್ ಮಿಷಿನ್ ಹಾಕ್ತೀರ ಮೇಡಮ್, ಒಳ್ಳೇದಾ?"
ಅರ್ಧ ಮರಗಟ್ಟಿದ ತುಟಿಯಿಂದ ಕೇಳಿದ್ದ.
ಒಸಡು ಎತ್ತಿದೆ. ಮೂಳೆಗೆ ಕಿಟಕಿ ತೆಗೆದೆ.
ತುದಿ ಕತ್ತರಿಸಿದೆ, ಮೂರು ಮಿಲಿಮೀಟರ್.
ಟ್ರೇಯಲ್ಲಿ ಮೂರೂ ಇದ್ದವು.
ತೊಗರಿಬೇಳೆಯಷ್ಟು ಕನ್ನಡಿಯನ್ನು ರಕ್ತ ಒರೆಸಿ ತೂರಿಸಿದೆ,
ಒಂದು ಹನಿ ನೀಲಿ ಬಿಟ್ಟೆ,
ಪೆಡಲಿನ ಮೇಲೆ ಕಾಲಿಡದೆ
ಕಾದೆ.